ಸೊಸೆಯ ಕೆಲಸ

ಅಯ್ಯೋ, ಮುಚ್ಚಿಡುವುದಕ್ಕೆ ಅದೇನು ಕಳ್ಳತನದ ಕೆಲಸವೇ? ಮೋಹನರಾಜರ ಸೊಸೆ ನಳಿನಿ ಅಮೆರಿಕದ ತುರ್ತು ಕರೆಯ ನೈನ್-ಒನ್-ಒನ್ ಕೇಂದ್ರದಲ್ಲಿ ಕೂತು ಫೋನ್ ಎತ್ತುತ್ತಿದ್ದಳು. ಮನೆಗೆ ಬೆಂಕಿ ಬಿದ್ದವರು, ಮೆಟ್ಟಿಲಿಂದ ಉರುಳಿದವರು, ಉಸಿರುಕಟ್ಟಿದ ಮಗುವನ್ನು ಎತ್ತಿಕೊಂಡ ತಾಯಿ, ಯಾರೇ ಕೂಗಿಕೊಂಡರೂ ಅವರಿಗೆ ಮೊದಲು ಕೇಳಿಸುವುದು ಅವಳ ದನಿ. ಸರ್ಕಾರಿ ಕೆಲಸ, ಒಳ್ಳೆಯ ಸಂಬಳ, ಮರ್ಯಾದೆ ಎಲ್ಲ ಇತ್ತು. ಮರ್ಯಾದೆ ಇಲ್ಲ ಅಂದುಕೊಂಡವರು ಮಾವ ಮೋಹನರಾಜರೊಬ್ಬರೇ.

ಡಲ್ಲಾಸ್ ಕಡೆಯ ಕನ್ನಡಿಗರ ಊಟದ ಕೂಟಗಳು ಹೇಗಿರುತ್ತವೆ, ನಿಮಗೆ ಗೊತ್ತಲ್ಲ. ಒಬ್ಬರ ಸೊಸೆ ಹೃದಯದ ಡಾಕ್ಟರು, ಇನ್ನೊಬ್ಬರ ಸೊಸೆ ಯಾವುದೋ ಕಂಪನಿಯ ಡೈರೆಕ್ಟರು. ಮೋಹನರಾಜರ ಮಗ ನಿಶ್ಚಲ್ ದೂರದ ಟೇಲರ್ ಊರಿನ ಚಿಪ್ ಫ್ಯಾಕ್ಟರಿಯಲ್ಲಿದ್ದ, ವಾರಕ್ಕೊಮ್ಮೆ ಮರ್ಫಿ ಊರಿನ ಮನೆಗೆ ಬರುತ್ತಿದ್ದ. ಅವನ ಬಗ್ಗೆ ಹೇಳಿಕೊಳ್ಳಲು ತೊಂದರೆ ಇರಲಿಲ್ಲ. "ಸೊಸೆ ಏನ್ ಮಾಡ್ತಾರೆ ಸಾರ್?" ಎಂದು ಯಾರೋ ಕೇಳಿದ ದಿನ ಎಲುಬಿಲ್ಲದ ನಾಲಿಗೆ ತಾನೇ ಹೊರಳಿತು. "ಸಿಟಿ ಆಫೀಸ್‌ನಲ್ಲಿ ಐಟಿ ನೋಡ್ಕೋತಾಳೆ." ಮುಂದಿನ ಯುಗಾದಿಯ ಹೊತ್ತಿಗೆ ಅವಳಿಗೆ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಬಡ್ತಿಯೂ ಆಯಿತು. ಮಾವನೇ ಕೊಟ್ಟ ಬಡ್ತಿ! ಪಾಪ, ಅವಳಿಗೆ ಇದರ ಸುಳಿವೇ ಇರಲಿಲ್ಲ. ಶನಿವಾರ ಭಾನುವಾರ ಅವಳಿಗೆ ಶಿಫ್ಟು, ಕೂಟಗಳಿಗೆ ಬರುವ ಹಾಗಿರಲಿಲ್ಲ.

ಹೆಂಡತಿ ಲೀಲಾವತಿ ಗದರಿದ್ದುಂಟು. "ಯಾಕ್ರೀ ಹೀಗೆ ಬುರುಡೆ ಬಿಡ್ತೀರ? ಆ ಹುಡುಗಿ ಮಾಡೋ ಕೆಲಸಕ್ಕೆ ಏನಾಗಿದೆ?"

"ಕಾಲ್ ಸೆಂಟರ್ ಅಂದ್ಕೋತಾರೆ ಕಣೇ. ನೀನು ಸುಮ್ನಿರು."

ಲೀಲಾವತಿ ಸುಮ್ಮನಾದರು. ತಪ್ಪು ಅವರದೂ ಅಷ್ಟಿಷ್ಟು ಇದೆ ಅನ್ನಿ.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಊರಿನ ಹಾಲಪ್ಪನವರ ಮನೆಯಲ್ಲಿ ಮೂವರು ಇಸ್ಪೀಟು ಆಡುತ್ತಿದ್ದರು. ಹಾಲಪ್ಪ ಹುಬ್ಬಳ್ಳಿಯವರು, ಮೋಹನರಾಜರಿಗೆ ಮೂವತ್ತು ವರ್ಷದ ಗೆಳೆಯ, ಮಾತಿನ ಮಲ್ಲ. ಮೂರನೆಯವರು ಕನ್ನಡ ಸಂಘದ ಅಧ್ಯಕ್ಷ ತಿರುಮಲ. ಹಾಲಪ್ಪನ ಹೆಂಡತಿ ಗೋದಾವರಿ ಹೂಸ್ಟನ್‌ಗೆ, ಮಗಳ ಮನೆಗೆ ಹೋಗಿದ್ದರು. "ಏನೋ ಮೋಹನರಾಜ, ಎಲಿ ಬಚ್ಚಿಟ್ಟಕೊಂಡು ಕುಂತೀಯೇನು?" ಎಂದು ನಗುತ್ತಿದ್ದ ಹಾಲಪ್ಪ ನಗುತ್ತಿದ್ದಂತೆಯೇ ಕುರ್ಚಿಯಿಂದ ಕೆಳಗೆ ಬಿದ್ದರು. ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ.

ಮೋಹನರಾಜರು ಫೋನ್ ಒತ್ತಿದರು. ವಿಳಾಸ ಕೇಳಿದ ಇಂಗ್ಲಿಷ್ ದನಿ ಯಾರದೆಂದು ಅವರಿಗೆ ಮೊದಲ ಮಾತಿಗೇ ತಿಳಿಯಿತು. ನಳಿನಿಯ ಕೆಲಸ ಆ ಊರಿನ ಕೇಂದ್ರದಲ್ಲೇ; ಅಂಥ ಪುಟ್ಟ ಊರಿನಲ್ಲಿ ಫೋನ್ ಎತ್ತುವವರು ಇಬ್ಬರೋ ಮೂವರೋ. ವಿಳಾಸ ಹೇಳುವಷ್ಟರಲ್ಲಿ ಆ ಕಡೆಗೂ ಇವರ ದನಿ ಗೊತ್ತಾಯಿತು.

"ಮಾವ, ನಾನು ನಳಿನಿ. ಆಂಬ್ಯುಲೆನ್ಸ್ ಹೊರಟಿದೆ. ಫೋನ್ ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ. ಎರಡೂ ಕೈ ಅವರ ಎದೆ ಮಧ್ಯೆ ಇಡಿ. ನಾನು ಎಣಿಸ್ತೀನಿ, ನೀವು ಒತ್ತಿ."

ಸ್ಪೀಕರ್‌ಗೆ ಹಾಕಿದರೆ ತಿರುಮಲನಿಗೆ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಮೋಹನರಾಜರ ತಲೆಗೆ ಬಂದದ್ದು ಇದು! ಗೆಳೆಯನ ಜೀವ ಹೋಗುತ್ತಿದೆ, ಇವರಿಗೆ ಪ್ರಾಜೆಕ್ಟ್ ಮ್ಯಾನೇಜರಿನ ಚಿಂತೆ. ಥೂ!

"ಯೆಸ್, ಮ್ಯಾಮ್," ಎಂದರು ಅವರು. ಸ್ವಂತ ಸೊಸೆಗೆ.

ಫೋನನ್ನು ಒಂದು ಕೈಯಲ್ಲಿ ಕಿವಿಗೆ ಹಿಡಿದು, ಇನ್ನೊಂದು ಕೈಯಿಂದ ಎದೆ ಒತ್ತಿದರು. ಒಂದು ಕೈಯ ಒತ್ತು ಆ ಭಾರಿ ಮೈಗೆ ಎಲ್ಲಿ ಸಾಲಬೇಕು? ಹಿಟ್ಟು ನಾದಿದ ಹಾಗಾಯಿತು ಅಷ್ಟೇ. "ಸ್ಪೀಕರ್, ಮಾವ. ಸ್ಪೀಕರ್‌ಗೆ ಹಾಕಿ. ಎರಡೂ ಕೈ ಬೇಕು." ದನಿ ಏರಲಿಲ್ಲ, ನಡುಗಲಿಲ್ಲ, ಮತ್ತೆ ಮತ್ತೆ ಅದೇ ಮಾತನ್ನು ಅಷ್ಟೇ ನಿಧಾನವಾಗಿ ಹೇಳುತ್ತಿತ್ತು. ಇವರು ಯೆಸ್ ಮ್ಯಾಮ್, ಯೆಸ್ ಮ್ಯಾಮ್ ಅನ್ನುತ್ತಲೇ ಇದ್ದರು. ತಿರುಮಲ ಗೋಡೆಗೆ ಒರಗಿ ದೇವರ ಹೆಸರು ಹೇಳುತ್ತಿದ್ದ. ಕೊನೆಗೆ ನಳಿನಿ, ಜೊತೆಗೆ ಯಾರಾದರೂ ಇದ್ದರೆ ಬಾಗಿಲು ತೆಗೆದು ರಸ್ತೆಗೆ ಹೋಗಿ ನಿಲ್ಲಲಿ ಎಂದಳು. ಮೋಹನರಾಜರು ಅದನ್ನು ಹೇಳಿದ್ದೇ ತಡ, ತಿರುಮಲ ಹೊರಗೆ ಓಡಿದ. ಅವನ ಬೆನ್ನು ಮರೆಯಾದ ಮೇಲೆ ಮೋಹನರಾಜರು ಸ್ಪೀಕರ್ ಹಾಕಿದರು. ಆಮೇಲೆ ಒತ್ತಿದರು ನೋಡಿ, ಎರಡೂ ಕೈಯಲ್ಲಿ, ಅವಳ ಎಣಿಕೆಗೆ ಸರಿಯಾಗಿ, ಬೆವರು ಕಣ್ಣಿಗಿಳಿಯುವ ತನಕ. ತಿರುಮಲ ಆಂಬ್ಯುಲೆನ್ಸಿನವರನ್ನು ಕರೆದುಕೊಂಡು ಒಳಗೆ ಬಂದಾಗ ಕಂಡದ್ದು ಇದನ್ನೇ. ಫೋನಿನಲ್ಲಿ ಆಗ ಬರೀ ಎಣಿಕೆ ಕೇಳಿಸುತ್ತಿತ್ತು.

ಹಾಲಪ್ಪ ಬದುಕಿದರು. ಆದರೆ ಮಾತಿನ ಮಲ್ಲನ ಮಾತು ಅಲ್ಲಲ್ಲಿ ಹರಿದು ಹೋಯಿತು. ದಿನಬಳಕೆಯ ಶಬ್ದಕ್ಕೂ ತಡಕಾಡತೊಡಗಿದರು. ಮಿದುಳಿಗೆ ಸ್ವಲ್ಪ ಹೊತ್ತು ರಕ್ತ ಹೋಗದಿದ್ದರೆ ಹೀಗಾಗಬಹುದು ಎಂದರು ಡಾಕ್ಟರು. ಎಷ್ಟು ಹೊತ್ತು, ಯಾವ ಹೊತ್ತು ಎಂದು ಅವರು ಹೇಳಲಿಲ್ಲ, ಮೋಹನರಾಜರು ಕೇಳಲಿಲ್ಲ.

ಆ ಸಂಜೆ ಮನೆಗೆ ಬಂದ ನಳಿನಿ ಮಾವನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. "ಗಾಬರಿಲಿ ನನ್ನ ಗುರುತೇ ಸಿಕ್ಕಲಿಲ್ಲ ಅಲ್ವಾ ಮಾವ? ಎಷ್ಟೋ ಜನಕ್ಕೆ ಹಾಗಾಗತ್ತೆ. ತಲೆ ಕೆಡಿಸ್ಕೋಬೇಡಿ."

"ಹೂಂ," ಎಂದರು ಮೋಹನರಾಜರು.

"ಅವರ ಜೀವ ಉಳಿಸಿದೋಳು ನೀನು ಕಣೇ," ಎಂದರು ಲೀಲಾವತಿ.

"ನಂದು ಕೆಲಸ ಅತ್ತೆ. ಎತ್ತದೆ ಇದ್ರೆ ತಪ್ಪು, ಎತ್ತಿದ್ರೆ ಸರಿ, ಅಷ್ಟೇ. ಅದಾದ ಮೇಲೆ ಇನ್ನೊಂದು ಕಾಲ್ ಬಂತು, ಅದನ್ನೂ ಎತ್ತಿದೆ. ಅವರು ಉಳೀಲಿಲ್ಲ." ಕಾಲ್‌ಗಳ ವಿಷಯ ಹೊರಗೆ ಮಾತಾಡುವ ಹಾಗಿಲ್ಲ ಎಂದೂ ಹೇಳಿ ಅವಳು ಸ್ನಾನಕ್ಕೆ ಹೋದಳು. ಮೋಹನರಾಜರಿಗೆ ನಿರಾಳವಾಯಿತು. ನಿರಾಳವಾಯಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ತಿರುಮಲ ಸುಮ್ಮನಿರುವ ಗಿರಾಕಿಯೇ? ರಾಜ್ಯೋತ್ಸವಕ್ಕೆ ಶಾಲೆಯೊಂದರ ಸಭಾಂಗಣ ಹಿಡಿದು, "ಆಪದ್ಬಾಂಧವ ಮೋಹನರಾಜರಿಗೆ ಸನ್ಮಾನ" ಎಂದು ಎಲ್ಲರ ಫೋನಿಗೂ ಕಳಿಸಿದ. ಮೋಹನರಾಜರು ಬೆನ್ನುನೋವು ಅಂದರು, ಊರಲ್ಲಿರಲ್ಲ ಅಂದರು, ಯಾವುದೂ ನಡೆಯಲಿಲ್ಲ. ರಾಜ್ಯೋತ್ಸವದ ಭಾನುವಾರವೇ ನಳಿನಿಗೆ ರಜೆ ಬೀಳಬೇಕೇ? ಮಾವನಿಗೆ ಸನ್ಮಾನ ಎಂದು ರೇಷ್ಮೆ ಸೀರೆ ಉಟ್ಟು ಅವಳೇ ಕಾರು ತೆಗೆದಳು.

ವೇದಿಕೆಯ ಮೇಲೆ ಶಾಲು ಹೊದಿಸಿದರು, ತಲೆಗೆ ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಹಾಲಪ್ಪನ ಮೊಮ್ಮಗಳು ಇಶಾ ಮೈಕಿನಲ್ಲಿ, "ಅಜ್ಜಾ, ಯು ಆರ್ ಅವರ್ ಹೀರೋ," ಎಂದಳು. ಆಮೇಲೆ ಹಾಲಪ್ಪನೇ ಎದ್ದು ನಿಂತರು. "ಇಂವ ನನ್ನ… ಇಂವ ನನ್ನ…" ಎಂದು ತಡಕಾಡಿದರು. ಶಬ್ದ ಸಿಗಲಿಲ್ಲ. ಗೋದಾವರಿ ಪಕ್ಕದಿಂದ, "ಗೆಳೆಯಾರಿ, ಗೆಳೆಯಾ ಅನ್ರಿ," ಎಂದು ಹೇಳಿಕೊಟ್ಟರು. ಜನ ಕಣ್ಣೊರೆಸಿಕೊಂಡರು. ಮೋಹನರಾಜರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮೈಕು ಕೈಗೆ ಬಂದಾಗ ಅವರು, "ನಾನೇನೂ ಮಾಡಿಲ್ಲ. ನಿಜವಾಗ್ಲೂ ಏನೂ ಮಾಡಿಲ್ಲ," ಎಂದರು. ಎಂಥ ವಿನಯ, ಎಂಥ ದೊಡ್ಡತನ ಎಂದು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ನಮ್ಮವರ ಮುಂದೆ ನಿಜ ಹೇಳುವುದು ಅಷ್ಟು ಸುಲಭವಲ್ಲ ಸ್ವಾಮಿ. ಅವರು ಇನ್ನೊಂದು ಮಾತು ಆಡಬಹುದಿತ್ತು. ಆಡದೆ ಕೈಮುಗಿದು ಕೂತರು.

ಊಟದ ಸಾಲಿನಲ್ಲಿ ತಿರುಮಲ ನಳಿನಿಯನ್ನು ಹಿಡಿದ. "ಅಂತೂ ಸಿಕ್ಕಿದ್ರಲ್ಲಮ್ಮ! ಪ್ರಾಜೆಕ್ಟ್ ಮ್ಯಾನೇಜರ್ ಮೇಡಂ, ನಿಮ್ಮ ಸಿಟಿ ಐಟಿಯಲ್ಲಿ ನಮ್ಮ ಅಳಿಯನಿಗೆ ಏನಾದ್ರೂ ಇದ್ರೆ ನೋಡಿ. ನಿಮ್ಮ ಮಾವ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು."

ನಳಿನಿಯ ಕೈಯಲ್ಲಿದ್ದ ಬಿಸಿಬೇಳೆಬಾತಿನ ಸೌಟು ಹಾಗೆಯೇ ನಿಂತಿತು. ಅವಳು ತಿರುಗಿ ಮಾವನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಮೋಹನರಾಜರು ಸುಮ್ಮಸುಮ್ಮನೆ ಶಾಲು ಸರಿಮಾಡಿಕೊಂಡರು.

"ಸದ್ಯಕ್ಕೆ ಯಾವುದೂ ಖಾಲಿ ಇಲ್ಲ ಅಂಕಲ್," ಎಂದಳು ಅವಳು. "ಇದ್ರೆ ಹೇಳ್ತೀನಿ."

ಮಾವನ ಮಾನ ಅವಳೇ ಕಾದಳು.

ಲೀಲಾವತಿ ಪಾತ್ರೆ ಪಡಗ ಎತ್ತಿಡಲು ಅಲ್ಲೇ ಉಳಿದರು. ಕಾರಿನಲ್ಲಿ ಮಾವ ಸೊಸೆ ಇಬ್ಬರೇ. ಮೂರು ಸಿಗ್ನಲ್ ದಾಟಿದ ಮೇಲೆ ನಳಿನಿ ಕೇಳಿದಳು.

"ಆವತ್ತು ನನ್ನ ಗುರುತು ಸಿಕ್ಕಿತ್ತು ಅಲ್ವಾ ಮಾವ?"

ಇಲ್ಲ ಅನ್ನುವುದು ಎಷ್ಟು ಸುಲಭವಿತ್ತು! ಗಾಬರಿ ಎಂಬ ನೆಪವನ್ನು ಅವಳೇ ಕೊಟ್ಟಿದ್ದಳು.

"ಸಿಕ್ಕಿತ್ತಮ್ಮ."

"ಹಾಗಾದ್ರೆ ಗಾಬರಿ ಅಲ್ಲ."

"ಅಲ್ಲ. ನಾಚಿಕೆ. ತಿರುಮಲನಿಗೆ ಗೊತ್ತಾಗತ್ತೆ ಅಂತ."

ನಳಿನಿ ರಸ್ತೆ ನೋಡುತ್ತಲೇ ಇದ್ದಳು. "ಆ ಕಾಲ್‌ನ ರೆಕಾರ್ಡಿಂಗ್ ನಾನು ಎಷ್ಟು ಸಲ ಕೇಳಿದೀನಿ ಗೊತ್ತಾ ಮಾವ? ಎಲ್ಲಿ ತಪ್ಪಿದೆ, ಬೇರೆ ಥರ ಹೇಳಿದ್ರೆ ನಿಮಗೆ ಅರ್ಥ ಆಗ್ತಿತ್ತೇನೋ ಅಂತ. ಇವತ್ತು ಹಾಲಪ್ಪ ಅಂಕಲ್ ಮಾತು ಸಿಗದೆ ಒದ್ದಾಡಿದಾಗ, ನನ್ನ ಕೆಲಸ ನಾನು ಸರಿಯಾಗಿ ಮಾಡ್ಲಿಲ್ಲ, ನನ್ನಿಂದ್ಲೇ ಹೀಗಾಯ್ತು ಅಂತ ಅಳು ಬಂತು. ನೀವು ಅಲ್ಲಿ ಪೇಟ ಹಾಕ್ಕೊಂಡು ಕೂತಿದ್ರಿ."

ಗೆಳೆಯನಿಗೆ ತಾನು ಮಾಡಿದ್ದು ಮೋಹನರಾಜರಿಗೆ ಗೊತ್ತಿತ್ತು. ಇವಳಿಗೆ ಮಾಡಿದ್ದು ಗೊತ್ತೇ ಇರಲಿಲ್ಲ. ಪೇಟವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಗಾಡಿ ತಿರುಗಿಸಮ್ಮ. ಎಲ್ಲರೂ ಇನ್ನೂ ಅಲ್ಲೇ ಇದ್ದಾರೆ. ಹಾಲಪ್ಪನ ಮುಂದೆ, ತಿರುಮಲನ ಮುಂದೆ ನಾನೇ ಹೇಳ್ತೀನಿ."

ಹೇಳಿದ ಮೇಲೆ ಅವರು ಕಾದರು. ಹೋಗಲಿ ಬಿಡಿ ಮಾವ, ಆಗಿದ್ದು ಆಯ್ತು ಎಂದು ಅವಳು ಅನ್ನುತ್ತಾಳೆ, ಇಬ್ಬರೂ ಮನೆಗೆ ಹೋಗಿ ಕಾಫಿ ಕುಡಿಯುತ್ತೇವೆ ಎಂಬ ಆಸೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಆಗಲೂ ಇತ್ತು.

ನಳಿನಿ ಮುಂದಿನ ಸಿಗ್ನಲ್‌ನಲ್ಲಿ ಇಂಡಿಕೇಟರ್ ಹಾಕಿ ಕಾರನ್ನು ತಿರುಗಿಸಿದಳು.