ವಾರಸುದಾರರಿಲ್ಲದ ಹಾಳೆ

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ನಿಯಮವೊಂದಿದೆ. ಹಳೆಯ ಪುಸ್ತಕ ಬಿಚ್ಚಿದಾಗ ಅದರ ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳನ್ನು ತೆಗೆದು ಹೊಸದು ಹಾಕುತ್ತೇವೆ. ತೆಗೆದದ್ದು ಕಸಕ್ಕೆ. ಆದರೆ ಅದರ ಮೇಲೆ ಯಾರದಾದರೂ ಕೈಬರಹದ ಒಂದಕ್ಷರ ಇದ್ದರೂ ಕಸಕ್ಕೆ ಹಾಕುವಂತಿಲ್ಲ. ಲಕೋಟೆಯಲ್ಲಿಟ್ಟು, ಪುಸ್ತಕದ ಜೊತೆಗೇ ಹಿಂದಿರುಗಿಸಬೇಕು. ಅಪ್ಪ ಹೋದಮೇಲೆ ಅಂಗಡಿ ಅಣ್ಣನ ಹೆಸರಿಗೆ ಬಂತು, ಬಿಚ್ಚುವ ಮತ್ತು ಹೊಲಿಯುವ ಕೆಲಸ ನನ್ನದಾಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ನಿಯಮವನ್ನು ನಾನು ಮುರಿದದ್ದು ಒಂದೇ ಸಲ.

ಅದಕ್ಕೆ ಕಾರಣ ಒಂದು ಕಾರ್ಡು. ಜಗತ್ತಿನ ಬೇರೆ ಬೇರೆ ಊರುಗಳ ಅಪರಿಚಿತರು ಕೈಯಿಂದ ಮಾಡಿದ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುವ ಒಂದು ಕೂಟಕ್ಕೆ ನಾನು ನಾಲ್ಕು ವರ್ಷದಿಂದ ಸದಸ್ಯೆ. ಪ್ರತಿ ತಿಂಗಳ ಮೊದಲ ದಿನ ಒಬ್ಬರ ವಿಳಾಸ ಬರುತ್ತದೆ. ಇಪ್ಪತ್ತರೊಳಗೆ ಅವರಿಗೆ ಆರಿಂಚು ಉದ್ದ, ನಾಲ್ಕಿಂಚು ಅಗಲದ ಕಾರ್ಡು ಮಾಡಿ ಕಳಿಸಬೇಕು. ಅದನ್ನು ಯಾವುದರಿಂದ ಮಾಡಿದ್ದು ಎಂದು ಹಿಂಬದಿಯಲ್ಲಿ ಬರೆಯುವುದು ಕಡ್ಡಾಯ. ನನಗೆ ಬಂದ ಮೂವತ್ತೆಂಟು ಕಾರ್ಡುಗಳು ಹೊಲಿಗೆ ಮೇಜಿನ ಮೇಲಿನ ಗೋಡೆಯಲ್ಲಿವೆ.

"ಪಕ್ಕದ ಮನೆಯವರ ಹತ್ರ ಎರಡು ಮಾತಾಡಲ್ಲ, ಸಮುದ್ರದಾಚೆಯವರಿಗೆ ಚಿತ್ರ ಬರೀತಾಳೆ," ಎಂದು ಅಣ್ಣ ಗಿರಾಕಿಗಳ ಮುಂದೆಯೇ ಹೇಳುತ್ತಾನೆ. ಆದರೆ ಅಂಚೆಯವನು ಬಂದಾಗ ಮೊದಲು ಕೈಚಾಚುವವನೂ ಅವನೇ.

ಆ ತಿಂಗಳು ಕಾಲೇಜೊಂದರ ರಿಜಿಸ್ಟರುಗಳ ಕೆಲಸ ಬಂದು ತಲೆ ಎತ್ತಲಾಗಲಿಲ್ಲ. ಹದಿನೆಂಟನೆಯ ತಾರೀಕಾದರೂ ಕಾರ್ಡಿಗೆ ಕೈ ಹಚ್ಚಿರಲಿಲ್ಲ. ಅಂದು ಮಧ್ಯಾಹ್ನ ನಾನು ಬಿಚ್ಚುತ್ತಿದ್ದದ್ದು ದೊಡ್ಡದೊಂದು ಭೂಪಟದ ಪುಸ್ತಕ. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರದು. ಮೊದಲ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದೇ ಪದವನ್ನು ಎರಡು ಸಾಲಾಗಿ ಮೇಲಿಂದ ಕೆಳಗೆ ಬರೆಯಲಾಗಿತ್ತು. ಮೊದಲಿನವು ಡೊಂಕು, ಒಂದರ ಮೇಲೊಂದು ಬಿದ್ದವು. ಬರುಬರುತ್ತಾ ನೆಟ್ಟಗಾಗಿದ್ದವು. ಆ ಡೊಂಕು ಅಕ್ಷರಗಳು ನನಗೆ ಅಲೆಗಳಂತೆ ಕಂಡವು. ಅಳತೆಪಟ್ಟಿ ಇಟ್ಟು ಆ ಭಾಗವನ್ನಷ್ಟೇ ಕತ್ತರಿಸಿದೆ. ರಟ್ಟಿಗೆ ಅಂಟಿಸಿ, ಅಲೆಗಳ ಮೇಲೆ ನೀಲಿ ಶಾಯಿಯಲ್ಲಿ ಒಂದು ದೋಣಿ ಬರೆದೆ. ಉಳಿದದ್ದು ಕತ್ತರಿಸುವ ಯಂತ್ರದ ಕೆಳಗಿನ ಚೂರುಗಳ ಜೊತೆ ಹೋಯಿತು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದೆ: 'ಸಾಮಗ್ರಿ: ಶಾಯಿ, ರಟ್ಟು, ವಾರಸುದಾರರಿಲ್ಲದ ಹಳೆಯ ಕಾಗದ.'

ನಿಯಮ ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಮೇಷ್ಟ್ರು ಇದನ್ನೆಲ್ಲ ಕೇಳುವುದುಂಟೇ ಅಂದುಕೊಂಡೆ.

ಇಪ್ಪತ್ತನಾಲ್ಕಕ್ಕೆ ಮೇಷ್ಟ್ರು ಬಂದರು. ಪುಸ್ತಕದ ಹೊಸ ಬೆನ್ನನ್ನು ಬೆರಳಲ್ಲಿ ಸವರಿ, ಕೆಲಸ ಚೆನ್ನಾಗಿದೆ ಎಂದರು. ರಟ್ಟು ತೆರೆದರು. ಬಿಳಿಯ ಹಾಳೆ. ಮಗುಚಿದರು. ಕೊನೆಗೆ ಹೋಗಿ ನೋಡಿ ಮತ್ತೆ ಮೊದಲಿಗೆ ಬಂದರು.

"ಇಲ್ಲೊಂದು ಹಾಳೆ ಇತ್ತಲ್ಲಮ್ಮ?"

"ಯಾವ್ದು ಮೇಷ್ಟ್ರೆ?"

"ಮೊದಲನೇದು. ನಮ್ಮನೆಯವಳು ಅದರ ಮೇಲೆ ತನ್ನ ಹೆಸರು ಬರೆದಿದ್ಲು. ಐವತ್ತು ದಾಟಿದ ಮೇಲೆ ಅಕ್ಷರ ಕಲಿತೋಳು. ದಿನಕ್ಕೊಂದು ಸಲ, ಒಂದು ತಿಂಗಳು. ಮೂವತ್ತೊಂದು. ಆಮೇಲೆ ಹುಷಾರು ತಪ್ಪಿದೋಳು ಪೆನ್ಸಿಲು ಹಿಡೀಲೇ ಇಲ್ಲ. ಅವಳ ಕೈಬರಹ ಅಂತ ಇರೋದು ಅದೊಂದೇ."

ಕಾರ್ಡು ಅಂಚೆಗೆ ಹೋಗಿ ಐದು ದಿನವಾಗಿತ್ತು.

"ಅಂಥ ಹಾಳೆ ಇರ್ಲಿಲ್ಲ ಮೇಷ್ಟ್ರೆ," ಎಂದೆ. "ಬಂದಾಗ್ಲೇ ಹೀಗಿತ್ತು."

ಅಣ್ಣ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. "ಮೇಷ್ಟ್ರೆ, ಬೇರೆ ಕಡೆ ಆಗಿದ್ರೆ ನಾನೂ ಅನುಮಾನ ಪಡ್ತಿದ್ದೆ. ನಮ್ಮ ತಂಗಿ ಬರಹ ಇರೋ ಕಾಗದನ ಕಣ್ಣಿಗೊತ್ತಿಕೊಂಡು ಲಕೋಟೆಗೆ ಹಾಕೋಳು. ಇಷ್ಟು ವರ್ಷದಲ್ಲಿ ಒಂದು ಚೂರು ಆಚೆ ಈಚೆ ಆಗಿಲ್ಲ."

ಮೇಷ್ಟ್ರು ಪುಸ್ತಕ ಮುಚ್ಚಿದರು. "ಹಾಗಾದ್ರೆ ನಾನೇ ಎಲ್ಲೋ ತೆಗೆದಿಟ್ಟಿರ್ಬೇಕು," ಎಂದು ಹೊರಟರು. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದರು. ನಾನು ದಾರಕ್ಕೆ ಮೇಣ ಉಜ್ಜುತ್ತಿದ್ದೆ. ಅದಕ್ಕೆ ಆಗಲೇ ಮೇಣ ಹಚ್ಚಿಯಾಗಿತ್ತು.

ಮೂರು ವಾರದ ನಂತರ ಕಾರ್ಡು ತಲುಪಿದವರಿಂದ ಪತ್ರ ಬಂತು. ಅವರು ಬಂದರಿನಲ್ಲಿ ಸರಕಿನ ತೂಕ ನೋಡುವ ಕೆಲಸದ ಹೆಂಗಸು. 'ನಿಮ್ಮ ದೋಣಿ ನನ್ನ ತೂಕದ ಯಂತ್ರದ ಪಕ್ಕದಲ್ಲಿದೆ. ನನಗೆ ಆ ಲಿಪಿ ಓದಲು ಬಾರದು. ಆದರೆ ಯಾರೋ ಬರೆಯಲು ಕಲಿಯುತ್ತಿದ್ದಾರೆ ಎಂದು ತಿಳಿಯುತ್ತದೆ. ಯಾರವರು?' ಎಂದು ಕೇಳಿದ್ದರು. ಪತ್ರವನ್ನು ಅಣ್ಣ ನೋಡುವ ಮೊದಲೇ ಮೇಜಿನ ಖಾನೆಗೆ ತಳ್ಳಿದೆ. ಉತ್ತರ ಬರೆಯಲಿಲ್ಲ.

ಅದೇ ವಾರ ಮೇಷ್ಟ್ರು ಮತ್ತೆ ಬಂದರು. ಜೊತೆಗೆ ಸೊಸೆ. ಆಕೆ ಅವರ ತೋಳು ಹಿಡಿದಿದ್ದಳು. ಮೊದಲ ಸಲ ಅವರು ಆರು ಕಿಲೋ ತೂಕದ ಪುಸ್ತಕ ಹೊತ್ತು ಒಬ್ಬರೇ ನಡೆದು ಬಂದಿದ್ದರು.

"ನಿನ್ನ ಹತ್ರ ಕ್ಷಮೆ ಕೇಳೋಣ ಅಂತ ಬಂದೆ ಕಣಮ್ಮ," ಎಂದರು ಮೇಷ್ಟ್ರು. "ಅವತ್ತು ನಿನ್ನ ಕಳ್ಳಿ ಅಂದ ಹಾಗೆ ಆಯ್ತು."

"ಅಯ್ಯೋ, ಬಿಡಿ ಮೇಷ್ಟ್ರೆ."

"ಮನೆ ಪೂರ್ತಿ ಹುಡುಕಿದ್ವಿ," ಎಂದಳು ಸೊಸೆ. "ಮಾವ ಅಟ್ಟ ಕೂಡ ಹತ್ತಿದ್ರು. ಈಗೀಗ ಅವರಿಗೆ ಇಲ್ಲದ್ದೆಲ್ಲ ಇತ್ತು ಅನ್ಸುತ್ತೆ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ."

"ಡಾಕ್ಟರು ಇವತ್ತು ಯಾವ ವಾರ ಅಂತ ಕೇಳಿದ," ಮೇಷ್ಟ್ರು ನಕ್ಕರು. "ರಿಟೈರ್ ಆದೋನಿಗೆ ವಾರ ಯಾವುದಾದ್ರೇನಪ್ಪಾ? ರಾಜಧಾನಿ ಕೇಳು, ಎಷ್ಟು ಬೇಕಾದ್ರೂ ಹೇಳ್ತೀನಿ ಅಂದೆ. ಅದನ್ನೂ ಬರ್ಕೊಂಡ."

"ಬೀದಿಗೆ ಒಬ್ಬರೇ ಬಿಡಬೇಡಿ ಅಂದಿದ್ದಾರೆ," ಎಂದು ಸೊಸೆ ತಗ್ಗಿದ ದನಿಯಲ್ಲಿ ನನಗೆ ಹೇಳಿದಳು.

ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ಇನ್ನೊಂದಿರಲಿಲ್ಲ. ಅಣ್ಣ ಪಕ್ಕದಲ್ಲೇ ಇದ್ದ. ನಾನು ಬಾಯಿ ತೆರೆದು, "ಕೂತ್ಕೊಳ್ಳಿ, ಟೀ ತರಿಸ್ತೀನಿ," ಎಂದೆ.

ಅಂದು ಸಂಜೆ ಬಂದರಿನ ಹೆಂಗಸಿಗೆ ಪತ್ರ ಬರೆದೆ. ಕೊಟ್ಟ ಕಾರ್ಡನ್ನು ವಾಪಸು ಕೇಳುವುದು ನಮ್ಮ ಕೂಟದಲ್ಲಿ ನಾನು ಕೇಳಿದ ಮಟ್ಟಿಗೆ ಎಂದೂ ನಡೆದಿಲ್ಲ. ನಾಲ್ಕು ಸಲ ಬರೆದು ಹರಿದೆ. ಐದನೆಯದರಲ್ಲಿ ಮೂರೇ ವಾಕ್ಯ: ಆ ಕಾಗದ ನನ್ನದಲ್ಲ. ವಾರಸುದಾರರು ಇದ್ದಾರೆ, ಅವರಿಗೆ ನಾನು ಸುಳ್ಳು ಹೇಳಿದ್ದೇನೆ. ದಯವಿಟ್ಟು ಹಿಂದಿರುಗಿಸಿ.

ಕಾರ್ಡು ಬರಲು ಮೂವತ್ತಮೂರು ದಿನ ಹಿಡಿಯಿತು. ಬರಿಗೈಯಲ್ಲಿ ಹೋಗಿ ಏನು ಪ್ರಯೋಜನ, ಹಾಳೆ ಕೈಗೆ ಬಂದಮೇಲೇ ಹೋಗೋಣ ಎಂದು ಆ ಮೂವತ್ತಮೂರು ದಿನವೂ ನನಗೆ ನಾನೇ ಹೇಳಿಕೊಂಡೆ. ಮೇಷ್ಟ್ರಿಗೆ ಬೇಕಿದ್ದದ್ದು ಹಾಳೆ ಮಾತ್ರವಲ್ಲ, 'ಇತ್ತು' ಎಂಬ ಒಂದು ಮಾತು ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಲು ಅಂಚೆ ಬೇಕಿರಲಿಲ್ಲ. ಅವರ ಮನೆ ಅಂಗಡಿಯಿಂದ ಒಂಬತ್ತು ನಿಮಿಷದ ದಾರಿ.

ಲಕೋಟೆ ಮೊದಲು ಸಿಕ್ಕಿದ್ದು ಎಂದಿನಂತೆ ಅಣ್ಣನ ಕೈಗೆ. ಅವನೇ ಒಡೆದ. ಕಾರ್ಡಿನ ಜೊತೆ ಬೇರೆ ಚೀಟಿಯಿರಲಿಲ್ಲ. ಸಮುದ್ರದ ಗಾಳಿ ತಾಕದಿರಲೆಂದು ಮೇಣದ ಕಾಗದದಲ್ಲಿ ಸುತ್ತಿ, ಎರಡು ರಟ್ಟುಗಳ ನಡುವೆ ಇಟ್ಟು ಕಳಿಸಿದ್ದರು. ನಾನು ಕಳಿಸುವಾಗ ಅಷ್ಟು ಜೋಪಾನ ಮಾಡಿರಲಿಲ್ಲ.

"ಇದ್ಯಾಕೆ ವಾಪಸು ಬಂತು?" ಎಂದ ಅಣ್ಣ. ದೋಣಿಯ ಕೆಳಗಿನ ಪೆನ್ಸಿಲ್ ಗೆರೆಗಳನ್ನು ಬೆಳಕಿಗೆ ಹಿಡಿದ.

"ಮೇಷ್ಟ್ರದ್ದಾ?"

"ಹೂಂ."

"ನಿನ್ನ ಪರ ಮಾತಾಡಿದ್ನಲ್ಲೇ ನಾನು. ಅವರ ಮುಖ ನೋಡ್ಕೊಂಡು." ಕಾರ್ಡನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. "ನಾನು ಬರಲ್ಲ. ನೀನೇ ಹೋಗು."

ಬೋರಲಾಗಿದ್ದಂತೆಯೇ ಅದನ್ನು ಹೊಸ ಲಕೋಟೆಗೆ ಹಾಕಿದೆ. ಮೇಲಿನ ಬದಿ ನೋಡುವ ಮನಸ್ಸಾಗಲಿಲ್ಲ.

ಬಾಗಿಲು ತೆರೆದದ್ದು ಸೊಸೆ. ಒಳಬದಿಯಲ್ಲಿ, ಚಿಲಕಕ್ಕಿಂತ ಮೇಲೆ, ಮೇಷ್ಟ್ರ ಕೈಗೆ ಸುಲಭವಾಗಿ ಎಟುಕದಷ್ಟು ಎತ್ತರದಲ್ಲಿ, ಹೊಸದೊಂದು ಬೀಗ ಜಡಿದಿದ್ದರು. ಮೇಷ್ಟ್ರು ಕಿಟಕಿಯ ಬಳಿ ಕುಳಿತಿದ್ದರು. ಭೂಪಟದ ಪುಸ್ತಕ ಮುಚ್ಚಿ ಪಕ್ಕದಲ್ಲಿತ್ತು.

ನಿಂತೇ ಹೇಳಿದೆ. "ಹಾಳೆ ಇತ್ತು ಮೇಷ್ಟ್ರೆ. ನಾನು ಕತ್ತರಿಸಿದೆ. ನೀವು ಕೇಳಿದಾಗ ಇರ್ಲಿಲ್ಲ ಅಂತ ಸುಳ್ಳು ಹೇಳಿದೆ."

ಅವರು ಲಕೋಟೆ ತೆಗೆದುಕೊಳ್ಳುವ ಮೊದಲು ಸೊಸೆಯತ್ತ ತಿರುಗಿದರು. "ಕೇಳಿಸ್ಕೊಂಡ್ಯೇನಮ್ಮ? ಇತ್ತಂತೆ."

"ಹೂಂ ಮಾವ," ಎಂದಳು ಸೊಸೆ. ಅವಳ ಕಣ್ಣು ಬಾಗಿಲ ಮೇಲಿನ ಬೀಗದ ಕಡೆಗೆ ಹೋಗಿ ನೆಲಕ್ಕಿಳಿಯಿತು.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬೆರಳಿಟ್ಟು ಎಣಿಸಿದರು. "ಹದಿನಾಲ್ಕು. ದೋಣಿಯ ಶಾಯಿ ಕೆಳಗೆ ಇನ್ನೆರಡು ಮುಚ್ಚಿಹೋಗಿರಬಹುದು. ಕೊನೇದು ಎಲ್ಲಿ? ಮೂವತ್ತೊಂದನೇದು? ಅದು ನೆಟ್ಟಗೆ ಬಂದಿದೆ ಅಂತ ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದ್ಲು."

ಚೂರುಗಳಲ್ಲಿ ಎಲ್ಲೋ ಇರಬಹುದು, ಹುಡುಕುತ್ತೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

"ಕಸಕ್ಕೆ ಹಾಕಿದೆ," ಎಂದೆ. "ನೆಟ್ಟಗಿರೋದು ನನಗೆ ಬೇಕಿರ್ಲಿಲ್ಲ."

ಅವರು ಬೈಯಲಿಲ್ಲ. ಕಾರ್ಡು ಮಗುಚಿ ಹಿಂಬದಿಯ ಸಾಲನ್ನು ಗಟ್ಟಿಯಾಗಿ ಓದಿದರು. 'ವಾರಸುದಾರರಿಲ್ಲದ' ಎಂಬಲ್ಲಿ ನಿಂತು ಮತ್ತೆ ಓದಿದರು. ಆಮೇಲೆ ಅಂಗಿಯ ಜೇಬಿನಿಂದ ಕೆಂಪು ಪೆನ್ನು ತೆಗೆದು ನನಗೆ ಚಾಚಿದರು.

"ಇದನ್ನ ತಿದ್ದು. ಉಜ್ಜಿ ಅಳಿಸಬೇಡ. ತಪ್ಪು ಕಾಣಬೇಕು. ಒಂದು ಗೆರೆ ಎಳೆದು, ಮೇಲೆ ಯಾರ ಕೈಬರಹ ಅಂತ ಬರಿ."

ಗೆರೆ ಎಳೆದೆ. ಪೆನ್ನು ಅಲ್ಲೇ ನಿಂತಿತು. ಮೇಷ್ಟ್ರು ಕಾದರು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗಿಗಾಗಿ ಕಾಯುವವರಂತೆ, ಅವಸರವಿಲ್ಲದೆ.

"ಯಾಕಮ್ಮ?"

ಆ ಅಕ್ಷರಗಳ ಡೊಂಕನ್ನು ನಾನು ಇಂಚಿಂಚಾಗಿ ನೋಡಿದ್ದೆ, ಅಳೆದಿದ್ದೆ, ಅವುಗಳ ಮೇಲೆ ಶಾಯಿ ಎಳೆದಿದ್ದೆ. ಅಲ್ಲಿ ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ. ಅವರ ಎದುರಿಗೇ ಕಾರ್ಡನ್ನು ಮಗುಚಿ, ದೋಣಿಯ ಕೆಳಗೆ ಹದಿನಾಲ್ಕು ಸಲ ಬರೆದಿದ್ದ ಹೆಸರನ್ನು ಮೊದಲ ಸಲ ಓದಿದೆ. ಮತ್ತೆ ಹಿಂದಕ್ಕೆ ತಿರುಗಿಸಿ, ಅಕ್ಷರ ಅಕ್ಷರವಾಗಿ ನಕಲು ಮಾಡಿದೆ.