ನಾಗವೇಣಿ ಬ್ಯಾಂಡು ಕೇಳಿದ್ದು

ನಮ್ಮ ಕಡೆ ಸಾವಾದ ಮನೆಯ ಮುಂದೆ ಬ್ಯಾಂಡಿನವರು ಊದುವುದಿಲ್ಲ. ಮದುವೆ ಮೆರವಣಿಗೆ ಎಷ್ಟೇ ಜೋರಾಗಿ ಬರುತ್ತಿರಲಿ, ಆ ಮನೆ ಹತ್ತಿರವಾದ ಕೂಡಲೇ ಬಾಯಿಂದ ವಾದ್ಯ ತೆಗೆದು, ಡ್ರಮ್ಮಿನ ಕಡ್ಡಿ ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ ದಾಟಿಹೋಗುತ್ತಾರೆ. ವರ್ಷ ತುಂಬುವ ತನಕ ಹೀಗೆ. ಒಳ್ಳೆಯ ಪದ್ಧತಿಯೇ, ನಾನು ಅಲ್ಲ ಎನ್ನುವುದಿಲ್ಲ. ಆದರೆ ಸತ್ತವನೇ ಬ್ಯಾಂಡಿನವನಾಗಿದ್ದರೆ ಆ ಮನೆಯವರ ಗತಿ ಏನು ಎಂದು ಈ ಪದ್ಧತಿ ಮಾಡಿದವರು ಯೋಚಿಸಿದಂತೆ ಕಾಣುವುದಿಲ್ಲ.

ನನ್ನ ಗೆಳತಿ ನಾಗವೇಣಿಯ ಗಂಡ ತಿಪ್ಪೇಸ್ವಾಮಿ ಆಂಧ್ರ ಗಡಿಯ ನಮ್ಮೂರು ರೊಳ್ಳದ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಬೆಳಿಗ್ಗೆ ಎದ್ದರೆ ಜಗಲಿ ಮೇಲೆ ಕೂತು ಸಾಧನೆ. ನೀನು ಮುದ್ದೆ ತೊಳಸುವುದೂ ಆ ತಾಳಕ್ಕೇ ಎಂದು ನಾವು ಅವಳನ್ನು ರೇಗಿಸುತ್ತಿದ್ದೆವು. ದೀಪಾವಳಿಗೆ ಮುಂಚೆ ಒಂದು ಸಂಜೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಅಂದಿನಿಂದ ಆ ಮನೆಯೊಳಗೂ ಸದ್ದಿಲ್ಲ, ಮುಂದಿನ ಬೀದಿಯಲ್ಲೂ ಸದ್ದಿಲ್ಲ.

ನಾನು, ನಾಗವೇಣಿ, ಮೈಲಾರಮ್ಮ, ಮೂವರೂ ಒಂದೇ ತೋಟದಲ್ಲಿ ರೇಷ್ಮೆ ಸೊಪ್ಪು ಕುಯ್ಯುವ ಕೂಲಿಯವರು. ಒಂದು ದಿನ ಕೆಲಸದ ನಡುವೆ ನಾಗವೇಣಿ ಸೊಂಟ ನೆಟ್ಟಗೆ ಮಾಡಿ ನಿಂತಳು.

“ಮಂಜುಳ, ಒಂದ್ಸಲ ಬ್ಯಾಂಡು ಪೂರ್ತಿ ಕೇಳ್ಬೇಕು ಕಣೆ. ಬಸ್‌ಸ್ಟ್ಯಾಂಡಿಂದ ಬಾರಿಸ್ಕೊಂಡು ಬತ್ತಾರೆ. ಈಗ ಬತ್ತೈತೆ, ಈಗ ಬತ್ತೈತೆ ಅಂತ ಬಾಗಿಲ ಹಿಂದೆ ನಿಂತ್ಕೊಂಡಿರ್ತೀನಿ. ನಮ್ಮನೆ ತಾವ ಬಂದೇಟ್ಗೆ ನಿಲ್ಸಿಬುಡ್ತಾರೆ,” ಎಂದಳು.

“ನಿಮ್ಮನೆಯೋರು ಊದಿದ್ದು ಫೋನಲ್ಲಿ ಐತಲ್ಲೆ?” ಎಂದಳು ಮೈಲಾರಮ್ಮ.

“ಫೋನಲ್ಲಿ ಉಸಿರು ಕೇಳ್ಸಲ್ಲ.”

ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ಬಗ್ಗಿದಳು.

ಈ ಬೇಸಿಗೆಯಲ್ಲಿ ಶುಕ್ರ ಮೂಢ ಬಂತು. ಮುಹೂರ್ತಗಳಿಲ್ಲ, ಮದುವೆಗಳಿಲ್ಲ, ಬ್ಯಾಂಡಿನವರೆಲ್ಲ ಮನೆಯಲ್ಲಿ ಕೂತು ನೊಣ ಹೊಡೆಯುತ್ತಿದ್ದರು. ಕೂತು ಕೂತು ಬೇಸತ್ತು, ಅವರವರೇ ಸೇರಿ ಮಡಕಶಿರಾದ ಮೈದಾನದಲ್ಲಿ ಸಂಗೀತೋತ್ಸವ ಇಟ್ಟುಕೊಂಡರು. ಪಾವಗಡ, ಸಿರಾ, ಹಿಂದೂಪುರದ ಸೆಟ್ಟುಗಳೂ ಬರುತ್ತವೆ ಎಂದು ಆಟೋಗೆ ಮೈಕು ಕಟ್ಟಿಕೊಂಡು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಕೂಗಿಕೊಂಡು ಹೋದರು.

ನಾಗವೇಣಿಯನ್ನು ಕರೆದುಕೊಂಡು ಹೋಗಲೇಬೇಕೆಂದು ನಾನು ಪಟ್ಟು ಹಿಡಿದೆ. ಅವಳ ಅತ್ತೆ ಚಿನ್ನಕ್ಕ ಒಪ್ಪುವುದಿಲ್ಲ ಎಂದೇ ಎಣಿಸಿ, ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಅವರ ಮನೆಗೆ ಹೋದೆ. ಆ ಮುದುಕಿ ನನಗೆ ಬಾಯಿ ತೆರೆಯಲೂ ಬಿಡಲಿಲ್ಲ.

“ಕರ್ಕೊಂಡೋಗಮ್ಮ. ಯಾರಾನ ಕೇಳಿದ್ರೆ ಆಸ್ಪತ್ರೆಗೋಗವ್ಳೆ ಅಂತೀನಿ. ಆ ಸದ್ದಿಲ್ದೆ ನಂಗೂ ಬೆಳಗಾದ್ದೇ ಗೊತ್ತಾಗ್ತಿಲ್ಲ,” ಎಂದರು. ನಾನು ಸಿಕ್ಕಿಸಿಕೊಂಡಿದ್ದ ಸೆರಗು ಸಡಿಲಿಸಿದೆ.

ಆಟೋ ಹತ್ತುವಾಗ ನೋಡಿದರೆ ಮೈಲಾರಮ್ಮನೂ ಹೂ ಮುಡಿದಿರಲಿಲ್ಲ, ನಾನೂ ಮುಡಿದಿರಲಿಲ್ಲ. ನಾವಿಬ್ಬರೂ ಅದನ್ನು ಮಾತಾಡಿಕೊಂಡಿರಲಿಲ್ಲ.

ಬಿಸಿಲು ಇಳಿದಿತ್ತು, ನೆಲದ ಕಾವು ಇಳಿದಿರಲಿಲ್ಲ. ಕಲ್ಲಂಗಡಿ ಹೋಳು ಹಿಡಿದು ಮುಂದಿನ ಸಾಲಿನಲ್ಲೇ ಕೂತೆವು. ಮೊದಲು ಪಾವಗಡದವರು ಊದಿದರು. ಏನು ಗತ್ತು, ಏನು ಕೆಂಪು ಕೋಟು! ಮೈಲಾರಮ್ಮ ಮೊಮ್ಮಕ್ಕಳಿದ್ದಾರೆಂಬುದನ್ನೂ ಮರೆತು ಎದ್ದು ಎರಡು ಹೆಜ್ಜೆ ಕುಣಿದೇಬಿಟ್ಟಳು. ನಾಗವೇಣಿ ನಕ್ಕಳು. ಅವಳ ಕಾಲು ಸೀರೆಯೊಳಗೆ ತಾಳ ಹಾಕುತ್ತಿತ್ತು.

“ಟ್ರಂಪೆಟ್ನೋನಿಗೆ ಅವಸರ. ಊಟಕ್ಕೆ ಕರ್ದವ್ರೇನೋ,” ಎಂದಳು. ಅದು ತಿಪ್ಪೇಸ್ವಾಮಿಯ ಮಾತಿನ ಧಾಟಿ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆಮೇಲೆ ನಮ್ಮ ರೊಳ್ಳದವರ ಸರದಿ ಬಂತು. ಪ್ರತಿ ಸೆಟ್ಟೂ ಗೇಟಿನಿಂದ ಜನರ ನಡುವೆ ಊದುತ್ತಾ ನಡೆದು ವೇದಿಕೆ ಹತ್ತಬೇಕು. ಮುಂದೆ ಟ್ರಂಪೆಟ್ ಹಿಡಿದು ಬ್ಯಾಂಡ್ ಮೇಷ್ಟ್ರು ಕದಿರಪ್ಪ ಬರುತ್ತಿದ್ದ. ನಾಗವೇಣಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಸದ್ದು ಹತ್ತಿರವಾಯಿತು. ಅಷ್ಟರಲ್ಲಿ ಕದಿರಪ್ಪನ ಕಣ್ಣು ಅವಳ ಮೇಲೆ ಬಿತ್ತು.

ಕೈ ಮೇಲೆತ್ತಿದ. ಬ್ಯಾಂಡು ನಿಂತಿತು.

ಅಷ್ಟು ಜನರ ನಡುವೆ ನಮ್ಮೂರ ಗಂಡಸರು ಟೋಪಿ ತೆಗೆದು, ತಲೆ ತಗ್ಗಿಸಿ, ಸದ್ದಿಲ್ಲದೆ ಅವಳನ್ನು ದಾಟತೊಡಗಿದರು. “ಎಂದುಕು ಆಪಿನಾರು?” ಎಂದು ಹಿಂದೆ ಯಾರೋ ತೆಲುಗಿನಲ್ಲಿ ಯಾಕೆ ನಿಲ್ಲಿಸಿದರೆಂದು ಕೇಳಿದರು. ಇನ್ಯಾರೋ ಪಿಸುಗುಟ್ಟಿದರು. ಮುಖಗಳೆಲ್ಲ ಇತ್ತ ತಿರುಗಿದವು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕದಿರಪ್ಪನ ಕೊರಳಪಟ್ಟಿ ಹಿಡಿಯಬೇಕೆಂದು ಎದ್ದೆ. ನನಗಿಂತ ಮುಂಚೆ ನಾಗವೇಣಿ ಎದ್ದು ಅವನ ಎದುರು ನಿಂತಿದ್ದಳು.

“ಅಣ್ಣ, ಯಾಕೆ ನಿಲ್ಸಿದ್ರಿ?”

“ವರ್ಷ ತುಂಬಿಲ್ವಲ್ಲಮ್ಮ,” ಎಂದ ಕದಿರಪ್ಪ ನೆಲ ನೋಡುತ್ತಾ. “ನಿನ್ ಮುಂದೆ ಹೆಂಗಮ್ಮ ಊದಾದು?”

“ಸತ್ತಿದ್ದು ಅವ್ರು. ನಾನಲ್ಲ,” ಎಂದಳು. ದನಿ ತಗ್ಗಲಿಲ್ಲ. “ನಿಮ್ ಜೊತೆ ಊದಿದೋರ ಹೆಂಡ್ತಿ ಕೇಳಾಕೆ ಬಂದವ್ಳೆ. ಊದಣ್ಣ.”

ಕದಿರಪ್ಪ ತುಟಿ ಕಚ್ಚಿಕೊಂಡ. ಟೋಪಿ ಹಾಕಿಕೊಂಡು ಹಿಂದಕ್ಕೆ ತಿರುಗಿ ತನ್ನವರಿಗೆ ತಲೆಯಾಡಿಸಿದ. ವೇದಿಕೆಗೆ ಹೋಗಲಿಲ್ಲ. ಅವಳ ಮುಂದೆಯೇ ನಿಂತು ಶುರುಮಾಡಿದರು. ಡ್ರಮ್ಮಿನ ಪೆಟ್ಟು ನೇರ ಎದೆಗೆ ಬೀಳುತ್ತಿತ್ತು. ನಾಗವೇಣಿಯ ಮುಖ ಬೆಳಗಿತು. ಹಾಡಿನ ನಡುವೆ ಒಂದು ಕಡೆ ಟ್ರಂಪೆಟ್ಟುಗಳು ತಗ್ಗಿದವು. ಅವಳು ನನ್ನ ಕೈ ಹಿಡಿದುಕೊಂಡಳು.

“ಈಗ ಅವ್ರುದು ಬತ್ತೈತೆ, ಕೇಳು.”

ಬರಲಿಲ್ಲ. ಡ್ರಮ್ಮು ಒಂದೇ ನಡೆಯಿತು. ತಿಪ್ಪೇಸ್ವಾಮಿಯ ಜಾಗಕ್ಕೆ ಸೆಟ್ಟಿನವರು ಯಾರನ್ನೂ ಹಾಕಿಕೊಂಡಿರಲಿಲ್ಲ. ಅವರು ಊದುವ ಕಡೆ ಹಾಗೆಯೇ ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಮನೆ ಮುಂದೆ ಬ್ಯಾಂಡು ನಿಲ್ಲಿಸುತ್ತಾರೆ, ಅದಕ್ಕೇ ಗಂಡನ ಕ್ಲಾರಿನೆಟ್ ಕೇಳಿಸುತ್ತಿಲ್ಲ ಎಂದು ಅವಳ ಮನಸ್ಸು ಇಷ್ಟು ದಿನ ನಂಬಿಕೊಂಡಿತ್ತೇನೋ.

“ಇಲ್ಲ ಕಣೆ,” ಎಂದಳು. “ಇಲ್ಲ ಅವ್ರು.”

ಹೆಣ ಎತ್ತಿದ ದಿನ ಅತ್ತೆಯನ್ನು ತಬ್ಬಿ ಹಿಡಿದು ಹಲ್ಲು ಕಚ್ಚಿ ನಿಂತವಳು ಈಗ ಬಾಯಿಬಿಟ್ಟು ಅತ್ತಳು. ಕದಿರಪ್ಪ ಅದನ್ನು ಕಂಡು ಕೈ ಎತ್ತಲು ಹೋದ. ಅವಳು ಅಳುತ್ತಲೇ ಬೇಡ, ಬೇಡ ಎಂದು ಕೈಯಾಡಿಸಿದಳು. ಅವನು ಕೈ ಇಳಿಸಿ ಇನ್ನೂ ಜೋರಾಗಿ ಊದಿದ, ಉಳಿದವರೂ ಊದಿದರು. ಆ ಸದ್ದಿನಲ್ಲಿ ಅವಳ ಅಳು ಅವಳನ್ನು ಹಿಡಿದುಕೊಂಡಿದ್ದ ನಮಗೇ ಕೇಳಿಸುತ್ತಿರಲಿಲ್ಲ. ಮೈಲಾರಮ್ಮನೂ ಅತ್ತಳು, ನಾನೂ ಅತ್ತೆ.

ಹಾಡು ಮುಗಿಯುತ್ತಾ ಬಂತು. ಕದಿರಪ್ಪ ನಾಗವೇಣಿಯ ಮುಖವನ್ನೊಮ್ಮೆ ನೋಡಿದ. ಮುಗಿಸದೆ, ಮತ್ತೆ ಮೊದಲಿಂದ ಎತ್ತಿಕೊಂಡ.