ಕೊಟ್ರಬಸಪ್ಪನವರ ಹತ್ತಿಪರೀಕ್ಷೆ

ಕೊಟ್ರಬಸಪ್ಪನವರನ್ನು ನಾನು ಮೊದಲು ಕಂಡಾಗ ಅವರು ಒಂದು ಕಾರಿಗೆ ಕಟ್ಟುಬಿದ್ದಿದ್ದರು. ಇದು ಅಲಂಕಾರದ ಮಾತಲ್ಲ. ಆದೋನಿಯ ಹತ್ತಿ ಮಾರುಕಟ್ಟೆಯ ಎದುರು, ವ್ಯಾಪಾರಿ ವಾಗೀಶರ ಕಾರಿನ ಬಾನೆಟ್ಟಿನೊಳಗೆ ತಲೆಯಿಟ್ಟು ಪರೀಕ್ಷಿಸಿ ಅವರು ಹಿಂದೆ ಸರಿಯುವಷ್ಟರಲ್ಲಿ ಯಾರೋ ಅದನ್ನು ಧಡಾರನೆ ಮುಚ್ಚಿದರು. ಕೋಟಿನ ಅಂಚು ಒಳಗೇ ಉಳಿಯಿತು, ತೆರೆಯುವ ತಂತಿ ತುಂಡಾಯಿತು. ಕೋಟು ಬಿಚ್ಚಿದರೆ ಬಿಡುಗಡೆ. ಅವರು ಬಿಚ್ಚಲಿಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದ ಕಾಲದ ಆ ಕಂದು ಕೋಟಿನ ಕೆಳಗಿನ ಅಂಗಿಗೆ ಬೆನ್ನೇ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಮೆಕ್ಯಾನಿಕ್ ಬರುವವರೆಗೆ ಅರ್ಧ ಗಂಟೆ ಹಾಗೇ ನಿಂತು, ಯಾವ ಕಂಪನಿಯ ಗಾಡಿ ಎಷ್ಟು ಬಾಳುತ್ತದೆಂದು ನೆರೆದವರಿಗೆ ಹೇಳುತ್ತಲೇ ಇದ್ದರು. ಕಾರು ನಿಂತರೂ ಕಾರುಬಾರು ನಿಲ್ಲಲಿಲ್ಲ.

"ಏಮನ್ನಾ, ಗಾಡಿ ನಿಮ್ಮನ್ನ ಬಿಡವಲ್ದಲ್ಲ!" ಎಂದ ಆಟೋ ದಸ್ತಗಿರಿ.

"ನಿನ್ನ ಆಟೋದಂಗ ನಡುದಾರ್ಯಾಗ ಕೈ ಬಿಡಂಗಿಲ್ಲಪ್ಪ ಇದು."

ಎಡಗಾಲನ್ನು ತುಸು ಎಳೆಯುತ್ತ, ಎರಡನೇ ಗೇರಿನಲ್ಲಿ ಸಿಕ್ಕಿಕೊಂಡವರಂತೆ ನಡೆಯುವ ಈ ಮನುಷ್ಯನನ್ನು ಕೇಳದೆ ನಮ್ಮೂರಲ್ಲಿ ಯಾರೂ ಕಾರು ಕೊಳ್ಳುವುದಿಲ್ಲ. ಗಾಳಿಯಲ್ಲೇ ಹತ್ತಿ ಹಾರಾಡುವ ಊರಿದು. ಇಲ್ಲಿನ ಕಾರುಗಳು ಓಡಿದಷ್ಟೂ ಹತ್ತಿ ನುಂಗುತ್ತವೆ. ರೇಡಿಯೇಟರಿನ ಸಂದಿಯಿಂದ ಆ ಎಳೆಗಳನ್ನು ಕೊಕ್ಕೆಯಲ್ಲಿ ಎಳೆದು, ಬಿಸಿಲಿಗೆ ಹಿಡಿದು ನೋಡಿ, ಕಾಗದದಲ್ಲಿ ಕಟ್ಟಿ, ಮೇಲೆ ಕಂಪನಿಯ ಹೆಸರು, ಓಡಿದ ಕಿಲೋಮೀಟರು, ಓಡಿದ ರಸ್ತೆ ಬರೆದಿಡುವುದು ಅವರ ಪದ್ಧತಿ. ಎಷ್ಟು ಹತ್ತಿ ನುಂಗಿಯೂ ಇಂಜಿನ್ನು ಕಾಯದೆ ಓಡಿತೋ ಅಷ್ಟು ಗಟ್ಟಿ ಗಾಡಿ. ಗಾಡಿಯ ವಿಷಯದಲ್ಲಿ ಹತ್ತಿದವರಿಗಿಂತ ಹತ್ತಿಯೇ ಹೆಚ್ಚು ನಿಜ ಹೇಳುತ್ತದೆಂದು ನನಗೂ ಅನ್ನಿಸತೊಡಗಿತ್ತು.

ಈ ವರ್ಷ ನನ್ನ ಹೆಂಡತಿ ತ್ರಿವೇಣಿಯ ಮೂತ್ರಪಿಂಡಗಳು ಸೋತವು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಬಳ್ಳಾರಿಗೆ ಹೋಗಬೇಕು. ನಮ್ಮ ಹಳೆಯ ಕಾರು ಆಲೂರು ದಾಟಿದ ಮೇಲೆ ಎರಡು ಸಲ ನಿಂತಿತು; ಎರಡು ಸಲವೂ ಆಕೆ ಮೈಲಿಗಲ್ಲಿನ ಮೇಲೆ ಕೂತು, ನನಗೆ ಬೇಜಾರಾಗದಿರಲೆಂದು ನಕ್ಕಳು. ಮೂರನೆಯ ಸಲ ನಿಲ್ಲಕೂಡದು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನ ಪುಣ್ಯದಿಂದ ಹತ್ತಾರು ಕಂಪನಿಗಳ ತುಲನಾತ್ಮಕ ವಿಮರ್ಶೆಗಳನ್ನೆಲ್ಲ ಓದಿ, ಇನ್ನಷ್ಟು ಗೊಂದಲ ಹೊತ್ತು ಕೊಟ್ರಬಸಪ್ಪನವರ ಮನೆಗೆ ಹೋಗಿ ಎಲ್ಲ ಹೇಳಿದೆ.

ಅವರು ಮಂಚದ ಮೇಲೆ ಪೊಟ್ಟಣಗಳನ್ನೆಲ್ಲ ಹರಡಿದರು, ಜೋಡಿಸಿದರು, ಮತ್ತೆ ಬೇರೆಯಾಗಿ ಜೋಡಿಸಿದರು.

"ಇದು ಚೊಲೋ ಐತ್ರಿ. ಆದ್ರ ಎಸಿ ಹಾಕಿ ಏರು ಹತ್ತಿದ್ರ ಕಾಯತೈತಿ. ಇದು ಕಾಯಂಗಿಲ್ಲ, ಕೆಟ್ರ ಮಾತ್ರ ಸಾಮಾನು ಹೈದರಾಬಾದಿನಿಂದ ಬರಬೇಕು." ಮೂರನೆಯದನ್ನು ಬೆರಳಲ್ಲಿ ಒತ್ತಿ ನೋಡಿ ಪಕ್ಕಕ್ಕಿಟ್ಟರು.

ಯಂತ್ರಗಳ ನಡುವೆ ಮುಪ್ಪಾದ ಇಂಥವರು ಯಂತ್ರವನ್ನು ನಂಬುವವರೆಂದು ನಾವು ಭಾವಿಸುತ್ತೇವೆ. ಅದು ಎಲ್ಲಿ ಕೈಕೊಡುತ್ತದೆಂಬುದಷ್ಟೇ ಅವರಿಗೆ ಗೊತ್ತು. ನಾವು ಭರವಸೆ ಕೇಳಲು ಹೋಗುತ್ತೇವೆ. ಅವರ ಬಳಿ ಇರುವುದು ಬರೀ ಅನುಭವ.

ಕೊನೆಗೆ ಕೇಳಿಯೇಬಿಟ್ಟೆ: "ನಿಮ್ಮ ಮನೆಯವರಿಗೇ ಆಗಿದ್ದರೆ ಯಾವುದನ್ನು ತಗೋತಿದ್ದಿರಿ?"

ಅವರು ಪೊಟ್ಟಣಗಳನ್ನು ಒಂದೊಂದಾಗಿ ಕೋಟಿನ ಜೇಬಿಗೆ ಮರಳಿಸಿದರು.

"ನಮ್ಮಾಕೀನ ಡಯಾಲಿಸಿಸ್‌ಗಂತ ಮೂರು ವರ್ಷ ಬಳ್ಳಾರಿಗೆ ಬಸ್ಸಿನಾಗ ಕರಕೊಂಡು ಹೋಗಿದ್ನ್ರಿ. ಅದು ಕೆಟ್ಟು ನಿಂತ್ರ, ಹಿಂದ ಇನ್ನೊಂದು ಬರತೈತಿ."